ಹೆಣ್ಣು ನೋಡುವ ಕಾಫಿಗೆ ಸಕ್ಕರೆ ಎಷ್ಟು?

ಕಾಫಿಗೆ ಸಕ್ಕರೆ ಬೇಡ ಎನ್ನುವುದಕ್ಕೆ ಇಷ್ಟೊಂದು ಎದೆಗಾರಿಕೆ ಬೇಕೆಂದು ಈ ವಯಸ್ಸಿನವರೆಗೂ ನನಗೆ ಗೊತ್ತಿರಲಿಲ್ಲ.

ಮೊನ್ನೆ ಒಂದು ಭಾನುವಾರ ನಮ್ಮ ಮಗಳು ಅನಿತಾಳನ್ನು ನೋಡಲು ಗಂಡಿನವರು ಬಂದರು. ಬಂದರು ಎನ್ನುವುದೂ ತಪ್ಪು, ಎರಡೂ ಮನೆಯವರು ಹೊರಗೆ ಹೋದೆವು. ನಾವಿರುವುದು ಬಾಗಲಗುಂಟೆ, ಅವರದು ಹೂಡಿ. ಈ ಟ್ರಾಫಿಕ್ಕಿನಲ್ಲಿ ಮನೆ ಮುಟ್ಟುವಷ್ಟರಲ್ಲಿ ರಾಹುಕಾಲ ಬಂದೀತೆಂದು ಮಕ್ಕಳೇ ಮಾತಾಡಿಕೊಂಡು ನಡುದಾರಿಯ ಕಾಫಿ ಶಾಪೊಂದನ್ನು ಗೊತ್ತು ಮಾಡಿದ್ದರು. ಹಿಂದೆಲ್ಲ ಹುಡುಗಿ ತಂದ ಕಾಫಿಯ ಸಿಹಿ ನೋಡಿ ಅವಳ ಕೈಗುಣ ಅಳೆಯುತ್ತಿದ್ದರು. ಈಗ ಅಳತೆಗೆ ಸಿಕ್ಕಿಕೊಂಡವನು ಹುಡುಗಿಯ ಅಪ್ಪ.

ಏಕೆಂದರೆ ನನಗೆ ಶುಗರ್. ಗೊತ್ತಾದರೆ ‘ವಂಶದಲ್ಲೇ ಇದೆ’ ಎಂದಾರು ಎಂಬುದು ನನ್ನ ಹೆಂಡತಿ ಸರೋಜಳ ಭಯ.

“ಸಕ್ಕರೆ ಹಾಕಿರೋದು ಕುಡೀಬೇಡಿ. ಸಕ್ಕರೆ ಇಲ್ದಿರೋದು ಕೇಳಲೂಬೇಡಿ,” ಎಂದಳು ದಾರಿಯಲ್ಲಿ.

“ಮತ್ತೇನ್ ಮಾಡ್ಲಿ?”

“ಸುಮ್ನೆ ಕೂತ್ಕೊಳ್ಳಿ.”

ಅದೊಂದೇ ನನಗೆ ಬಾರದ ವಿದ್ಯೆ. ಪೀಣ್ಯದ ಕಾರ್ಖಾನೆಯಲ್ಲಿ ಲೇತ್ ಮಷೀನಿನ ಮುಂದೆ ನಿಂತೇ ಸರ್ವೀಸು ಮುಗಿಸಿದವನು ನಾನು.

ಹುಡುಗನ ತಾಯಿ ಕೂತವರೇ, “ನಮ್ಮನೇಲಿ ಯಾರ್ಗೂ ಬೀಪಿ ಇಲ್ಲ, ಶುಗರ್ ಇಲ್ಲ. ದೇವರ ದಯ,” ಎಂದರು. ಮೇಜಿನಡಿ ನನ್ನ ಮೊಣಕಾಲು ತಾನಾಗಿ ಕುಣಿಯತೊಡಗಿತು. ಸರೋಜ ಕಾಲು ತುಳಿದಳು. ತಡೆಯಲಾರದೆ, “ಕಾಫಿ ನಾನೇ ಹೇಳ್ಬಿಟ್ಟು ಬರ್ತೀನಿ,” ಎಂದು ಎದ್ದೆ. ಹುಡುಗನ ತಂದೆ ನಂಜಪ್ಪನವರೂ, “ತಡೀರಿ ಯಜಮಾನ್ರೇ, ನಾನೂ ಬತ್ತೀನಿ,” ಎಂದು ಎದ್ದರು.

ಕೌಂಟರಿನ ಹುಡುಗಿ ಕೇಳಿದಳು: “ಸಾರ್, ಸಿಹಿ ಫುಲ್ಲಾ, ಹಾಫಾ, ನೋ ಶುಗರ್ರಾ?”

ನಾನು ಹಿಂತಿರುಗಿ ಸರೋಜಳನ್ನು ನೋಡಿದೆ. ನಂಜಪ್ಪನವರು ತಮ್ಮ ಹೆಂಡತಿಯನ್ನು ನೋಡಿದರು. “ನೀವು ಹೇಳಿ,” ಎಂದೆ. “ಇಲ್ಲ, ನೀವೇ ಯೋಳಿ,” ಎಂದರು. ಸಾಲಿನಲ್ಲಿದ್ದವರು ಕೆಮ್ಮಿದರು. ಕೊನೆಗೆ ನಾನು ಪಿಸುಗುಟ್ಟಿದೆ: “ಸಕ್ಕರೆ ಬೇಡಮ್ಮ. ಹಾಲೂ ಕಮ್ಮಿ.”

ನಂಜಪ್ಪನವರು ದೊಡ್ಡ ಉಸಿರು ಬಿಟ್ಟರು. “ನಂದೂ ಅಂಗೇ ಮಾಡವ್ವ, ನಂಜಪ್ಪ ಅಂತ ಬರ್ಕೊ. ಯಜಮಾನ್ರೇ, ನಮ್ಮವಳ ಮುಂದೆ ಅನ್ಬ್ಯಾಡಿ. ಮಗನ ಮದ್ವೆ ಆಗೋಗಂಟ ನಂಗೆ ಶುಗರ್ ಇರಬಾರ್ದು ಅಂತ ಅಪ್ಪಣೆ ಆಗೈತೆ.”

ಮಿಕ್ಕವರಿಗೆ ಫುಲ್ ಸಿಹಿ ಹೇಳಿ ಇಬ್ಬರೂ ಮಹಾ ಸಜ್ಜನರಂತೆ ಬಂದು ಕೂತೆವು. ಸ್ವಲ್ಪ ಹೊತ್ತಿಗೆ ಕೌಂಟರಿನಿಂದ ಅಂಗಡಿಗೆಲ್ಲ ಕೇಳುವಂತೆ ಕೂಗು ಬಂತು: “ಎರಡು ಕಾಫಿ, ನೋ ಶುಗರ್, ಹಾಲು ಕಮ್ಮಿ! ನಂಜಪ್ಪ ಸಾರ್!”

ಹೆಂಗಸರಿಬ್ಬರೂ ನಮ್ಮನ್ನು ಬಿಟ್ಟು ಒಬ್ಬರನ್ನೊಬ್ಬರು ನೋಡಿಕೊಂಡರು. ಅನಿತಾ ನಕ್ಕೇಬಿಟ್ಟಳು. “ಅಪ್ಪಂಗೆ ಶುಗರ್ ಇದೆ ಆಂಟಿ. ದಿನಾ ವಾಕಿಂಗ್ ಮಾಡ್ತಾರೆ.”

“ನಮ್ಮೋರಿಗೂ... ಸ್ವಲ್ಪ,” ಎಂದರು ಆ ತಾಯಿ.

“ಸ್ವಲ್ಪ ಅಲ್ಲಮ್ಮ,” ಎಂದ ಹುಡುಗ.

ಗಂಡಿನವರು ಯೋಚಿಸಿ ಹೇಳುವುದಾಗಿ ಹೊರಟರು. ಆಮೇಲಿನ ದಿನಗಳನ್ನು ಕೇಳಬೇಡಿ. ಫೋನು ಹಿಡಿದು ನಾನು ವರಾಂಡದಿಂದ ಅಡುಗೆಮನೆಗೆ, ಅಡುಗೆಮನೆಯಿಂದ ವರಾಂಡಕ್ಕೆ. “ಹಾಫ್ ಅಂದಿದ್ರೆ ಏನಾಗ್ತಿತ್ತು?” ಎಂದು ಸರೋಜ ಗೊಣಗುತ್ತಲೇ ಇದ್ದಳು.

ಕೊನೆಗೊಂದು ಬೆಳಗ್ಗೆ ನಂಜಪ್ಪನವರ ಫೋನು ಬಂತು. “ಯಜಮಾನ್ರೇ, ನೀವು ಮುದ್ದೆ ಎಷ್ಟು ಉಣ್ತೀರಿ? ಡಾಕ್ಟ್ರು ಒಂದೇ ಅಂತಾವ್ರೆ. ಹೊಟ್ಟೆ ಕೇಳಕ್ಕಿಲ್ಲ.” ಮುದ್ದೆ, ಮಾತ್ರೆ, ಮೆಂತ್ಯದ ನೀರು ಎಲ್ಲ ಮಾತಾಡಿದೆವು. ಬಾಗಿಲಲ್ಲಿ ನಿಂತ ಸರೋಜ ಕೈಸನ್ನೆ ಮಾಡುತ್ತ ಚಡಪಡಿಸುತ್ತಿದ್ದಳು.

“ಏನಂದ್ರು? ಅನಿತಾ ವಿಷಯ?”

“ಅದರ ಸುದ್ದಿಯೇ ಎತ್ತಲಿಲ್ಲ ಕಣೆ.”

ಅವಳ ಮುಖ ಬಾಡಿತು.

“ಆದ್ರೆ ಫೋನ್ ಇಡೋವಾಗ,” ಎಂದೆ, “ಬರ್ತೀನಿ ಬೀಗ್ರೇ ಅಂದ್ಬಿಟ್ರು.”