ನಾನು ಮುಯ್ಯಾಳಾಗಿ ಹೋದದ್ದು

ಓದುವ ಹುಡುಗಿ ಎದುರಾದರೆ 'ಏನು ಓದ್ತಿದೀಯ' ಎಂದು ಕೇಳುವುದು ನಮ್ಮೂರಿನ ಮರ್ಯಾದೆ. ಉತ್ತರ ಎರಡು ಮಾತಿನಲ್ಲಿ ಮುಗಿಯಬೇಕೆನ್ನುವುದೂ ಮರ್ಯಾದೆಯೇ. ನನ್ನದು ಮುಗಿಯುತ್ತಿರಲಿಲ್ಲ. 'ಯೂರೋಪಿನ ದುಡಿಮೆ ಮತ್ತು ಉದ್ಯೋಗ' ಎಂದು ನಾನು ರಾಗ ತೆಗೆದಾಗ ಉಪ್ಪಾರಹಳ್ಳಿಯ ನಮ್ಮ ಪಕ್ಕದ ಮನೆಯ ಸರೋಜಮ್ಮ ಕಾಫಿ ಲೋಟ ಕೆಳಗಿಟ್ಟು, "ಓದಿದ್ರೆ ಕೆಲ್ಸ ಸಿಗುತ್ತೆ ಅಂತ ಕೇಳಿದೀನಿ ಕಣೇ. ಕೆಲ್ಸಾನೇ ಓದೋರ್ನ ಇವತ್ತೇ ನೋಡಿದ್ದು" ಎಂದರು.

ಅವರದೇನೂ ತಪ್ಪಿಲ್ಲ. ಎರಡು ಸಾವಿರದ ಇಸವಿ ದಾಟಿದ ಆ ವರ್ಷಗಳಲ್ಲಿ ನಾನು ಪರದೇಶದಲ್ಲಿ ಸೇರಿದ್ದ ಎಂ.ಎ. ನನಗೂ ಪೂರ್ತಿ ಅರ್ಥವಾಗಿರಲಿಲ್ಲ. ಬೆಳಿಗ್ಗೆ ಕಾನೂನು, ಮಧ್ಯಾಹ್ನ ಅರ್ಥಶಾಸ್ತ್ರ, ಸಂಜೆ ಸಮಾಜಶಾಸ್ತ್ರ. ಮೂವರು ಅತ್ತೆಯರಿರುವ ಮನೆಗೆ ಸೊಸೆಯಾಗಿ ಹೋದ ಹಾಗೆ, ಒಬ್ಬ ಮೇಷ್ಟರು ಮೆಚ್ಚಿದ್ದನ್ನು ಇನ್ನೊಬ್ಬರು ಮೂಸಿ ಪಕ್ಕಕ್ಕಿಡುತ್ತಿದ್ದರು. ಆದರೂ ಆ ಚಳಿಯ ಊರಿನಲ್ಲಿ ಸುಖವಾಗಿದ್ದೆ. ವಾರಕ್ಕೆ ಎಷ್ಟು ಗಂಟೆ ದುಡಿಮೆ, ಗಂಟೆಗೆ ಎಷ್ಟು ಕೆಲಸ ಎಂದು ಅಳೆಯುವುದರಲ್ಲಿ ಅಲ್ಲಿನವರಿಗಿದ್ದ ಶ್ರದ್ಧೆ ನನಗೂ ಅಂಟಿತು. ದೋಸೆ ಹುಯ್ಯುವಾಗಲೂ ಗಡಿಯಾರ ನೋಡುತ್ತಿದ್ದೆ.

ಡಿಸೆಂಬರ್ ರಜೆಗೆ ಬಂದವಳು ಬೆಳ್ಳಾವಿಯ ಚಿಕ್ಕಮ್ಮನ ಮನೆಗೆ ಹೋದೆ. ಚಿಕ್ಕಪ್ಪ ಮೊಪೆಡ್ಡಿನಿಂದ ಬಿದ್ದು, ಕಾಲು ಮುರಿದುಕೊಂಡು ಮಂಚ ಹಿಡಿದಿದ್ದರು. ಹೊಲದಲ್ಲಿ ರಾಗಿ ಬಲಿತು ಕುಯ್ಲಿಗೆ ನಿಂತಿತ್ತು, ಮೇಲೆ ಮೋಡ ಕಟ್ಟುತ್ತಿತ್ತು. ಆ ಕಡೆ ಕುಯ್ಲಿಗೆ ಮುಯ್ಯಾಳು ಪದ್ಧತಿ. ಇವತ್ತು ನಮ್ಮ ಮನೆಯಿಂದ ಒಬ್ಬರು ನಿಮ್ಮ ಹೊಲಕ್ಕೆ ಬಂದರೆ, ನಾಳೆ ನಿಮ್ಮಲ್ಲಿಂದ ಒಬ್ಬರು ನಮ್ಮ ಹೊಲಕ್ಕೆ. ಗಂಡನನ್ನು ಬಿಟ್ಟು ಚಿಕ್ಕಮ್ಮ ಹೋಗುವಂತಿರಲಿಲ್ಲ. ನಾವು ಹೋಗದೆ ಯಾರನ್ನು ಯಾವ ಬಾಯಲ್ಲಿ ಕರೆಯುವುದು? ಮಳೆ ಬಿದ್ದರೆ ವರ್ಷದ ಮುದ್ದೆ ಹೊಲದಲ್ಲೇ ಮೊಳೆತುಹೋಗುತ್ತಿತ್ತು.

"ನಾನು ಹೋಗ್ತೀನಿ" ಎಂದೆ. ಚಿಕ್ಕಮ್ಮ ನನ್ನ ಅಂಗೈ ತಿರುಗಿಸಿ ನೋಡಿ, "ಪೆನ್ ಹಿಡಿಯೋ ಕೈ ಕಣೇ ಇದು, ಬುಡು" ಎಂದರು. ಬೇರೆ ದಾರಿ ಇರಲಿಲ್ಲವಾದ್ದರಿಂದ ಕುಡುಗೋಲನ್ನೂ ಕೊಟ್ಟರು.

ದಿನಕ್ಕೊಂದರಂತೆ ನಾಲ್ಕು ಮನೆಯವರ ಹೊಲಕ್ಕೆ ಹೋದೆ. ನನ್ನ ಕುಯ್ಲನ್ನು ವರ್ಣಿಸಿದರೆ ಓದುವ ನಿಮಗೇ ಸೊಂಟ ಹಿಡಿದೀತು. ಆ ನಾಲ್ಕರಲ್ಲಿ ಒಂದು ಮನೆಯ ಪುಟ್ಟಮ್ಮ ಪಕ್ಕದ ಸಾಲಿನಲ್ಲಿ ಆ ತುದಿ ಮುಟ್ಟಿ, ಎಲೆಯಡಿಕೆ ಹಾಕಿಕೊಂಡು, ಸೊಸೆಯ ಮೇಲಿನ ದೂರೆಲ್ಲ ಹೇಳಿ ಮುಗಿಸಿದರೂ ನಾನಿನ್ನೂ ಹೊಲದ ನಡುವೆಯೇ. ಕುಡುಗೋಲು ತಾಗಿದ ಬೆರಳಿಗೆ ಬಟ್ಟೆ ಸುತ್ತಿಕೊಂಡು ನಾನು ಕಲಿತ ರೀತಿಯಲ್ಲಿ ಅಳೆದು ನೋಡಿದೆ. ಅರ್ಧ ಆಳಿನಷ್ಟೂ ಆಗಿರಲಿಲ್ಲ. ಇಷ್ಟು ಅರೆಬರೆ ಕೆಲಸಕ್ಕೆ ಯಾರು ತಾನೇ ಪೂರ್ತಿ ಆಳು ಕಳಿಸುತ್ತಾರೆ?

ತಡೆಯಲಾರದೆ ಪುಟ್ಟಮ್ಮನ ಮನೆಗೇ ಹೋಗಿ, "ನಂದು ಅರ್ಧ ಆಳಿನ ಕೆಲ್ಸಾನೂ ಆಗಿಲ್ಲ. ಇನ್ನೂ ಒಂದೆರಡು ದಿನ ಬಂದು ಸರಿಮಾಡ್ತೀನಿ" ಎಂದೆ.

ಪುಟ್ಟಮ್ಮನ ಮುಖ ಗಂಟಿಕ್ಕಿತು. "ಯಾರ್ ಎಷ್ಟು ಕುಯ್ದ್ರು ಅಂತ ಅಳೆಯಾಕೆ ಇದೇನ್ ಬಟ್ಟೆ ಅಂಗ್ಡೀನಾ? ನಮ್ಮತ್ತೆ ಸೊಂಟ ಬಗ್ಗಿದ್ಮೇಲೂ ಮುಯ್ಯಿಗೆ ಬರೋರು, ಅವ್ರ್ನ ಯಾರಾದ್ರೂ ಅಳೆದ್ರಾ? ಆಳು ಅಂದ್ರೆ ಆಳು. ಎದ್ದು ಮನೆಗ್ ಹೋಗು." ನಾನು ಎದ್ದುಬಂದೆ.

ಮಾರನೆಯ ಬೆಳಿಗ್ಗೆ ನಾಲ್ಕು ಮನೆಯವರೂ ನಮ್ಮ ಹೊಲದಲ್ಲಿದ್ದರು. ಸಂಜೆಗೆ ಹೊಲ ಬಯಲಾಯಿತು. ಮೋಡ ನಾಲ್ಕು ದಿನ ಹೆದರಿಸಿ ಗುಬ್ಬಿಯ ಕಡೆ ಸರಿದುಹೋಯಿತು. ಕುಯ್ದದ್ದು ಒಣಗಿದ್ದನ್ನು ಕಂಡು ಚಿಕ್ಕಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ನಾನೂ ಅತ್ತೆ, ಸಂತೋಷಕ್ಕೇ.

ಕುಯ್ದ ರಾಗಿಯನ್ನು ಮೆದೆ ಒಟ್ಟುವ ದಿನ ನೋಡುತ್ತೇನೆ, ಕರೆಯದೆಯೇ ಪುಟ್ಟಮ್ಮ ಮತ್ತೆ ಬಂದಿದ್ದಾರೆ.

"ನಿಮ್ ಮುಯ್ಯಿ ಆವತ್ತೇ ತೀರ್ತಲ್ಲಾ?" ಎಂದೆ.

"ಊಂ, ತೀರ್ತು. ಇವತ್ತಿಂದು ನಿನ್ ಮೇಲೆ. ಬರೋ ವರ್ಸ ಬಂದು ತೀರ್ಸು."

ಮರುವರ್ಷ ಹೋಗಿ ತೀರಿಸಿದೆ. ನಾನು ಪರದೇಶಕ್ಕೆ ಹೊರಡುವ ಹೊತ್ತಿಗೆ ಪುಟ್ಟಮ್ಮ ಚಿಕ್ಕಮ್ಮನ ಹೊಲದಲ್ಲಿ ಮತ್ತೊಂದು ದಿನ ಹೆಚ್ಚಿಗೆ ದುಡಿದುಬಿಟ್ಟಿದ್ದರು. ಅದರಾಚೆಯ ವರ್ಷವೂ ಅಷ್ಟೇ. ನನ್ನ ಮೂವರು ಮೇಷ್ಟರೂ ಈ ಲೆಕ್ಕವನ್ನು ಹೇಗೆ ಚುಕ್ತಾ ಮಾಡುವುದೆಂದು ತಲೆ ಕೆರೆದುಕೊಂಡರು. ನಾನು ಮಾತ್ರ ಇಂದಿಗೂ ಪ್ರತಿ ಸಲ ಒಂದು ಆಳು ಬಾಕಿ ಉಳಿಸಿಕೊಂಡೇ ನೆಮ್ಮದಿಯಾಗಿ ವಿಮಾನ ಹತ್ತುತ್ತೇನೆ. ಪೂರ್ತಿ ತೀರಿಸಿಬಿಟ್ಟರೆ ಬೆಳ್ಳಾವಿಯಲ್ಲಿ ನನ್ನ ದಾರಿ ಯಾರು ಕಾಯುತ್ತಾರೆ, ನೀವೇ ಹೇಳಿ.