ಹಿಂದಿನ ಸೀಟಿನಡಿಯ ಅರಿಶಿನ

ಇದನ್ನು ಬರೆಯಬೇಕೆಂದು ಎಷ್ಟೋ ಸಲ ಕೂತಿದ್ದೇನೆ. ಪ್ರತಿ ಸಲವೂ ಕಾರಿನ ವಿಷಯವನ್ನಷ್ಟೇ ಬರೆದು, ಮುಖ್ಯವಾದದ್ದನ್ನು ಬಿಟ್ಟು ಎದ್ದಿದ್ದೇನೆ. ಈಗ ವಯಸ್ಸಾಯಿತು. ಇನ್ನು ಮುಂದೂಡಲಾರೆ.

ತೊಂಬತ್ತರ ದಶಕದ ನಡುವಿನ ಮಾತು. ನಾನು ಮತ್ತು ನನ್ನ ಹೆಂಡತಿಯ ಅಣ್ಣ, ಅಂದರೆ ಭಾವ, ಸೇರಿ ಒಂದು ಹಳೆಯ ಅಂಬಾಸಿಡರ್ ಕೊಂಡಿದ್ದೆವು. ನಾನು ಉಡಿಗಾಲದವನು, ಅವರು ಹಂಗಳದವರು. ಚಾಮರಾಜನಗರಕ್ಕೂ ಗುಂಡ್ಲುಪೇಟೆಗೂ ನಡುವೆ ಜನರನ್ನು ಕೂರಿಸಿಕೊಂಡು ಒಂದು ವಾರ ನಾನು ಓಡಿಸಿದರೆ ಮುಂದಿನ ವಾರ ಅವರು. ಕಾರಿಗೆ ಪೂಜೆ ಮಾಡಿದ ದಿನ, ಉರಿಯುವ ಕರ್ಪೂರದ ಮುಂದೆ ಇಬ್ಬರೂ ಮಾತು ಕೊಟ್ಟುಕೊಂಡಿದ್ದೆವು: ಎಷ್ಟೇ ಬಾಡಿಗೆ ಸಿಕ್ಕರೂ ಕಾರಿಗೆ ಮೂಟೆ ಹೇರಬಾರದು.

ಎರಡನೆಯ ವರ್ಷದ ಆಷಾಢದಲ್ಲಿ ಕಾರಿನ ಹಿಂಭಾಗ ಕುಸಿಯಿತು. ಗುಂಡಿ ಬಂದರೆ ಹಿಂದೆ ಕೂತವರ ತಲೆ ಚಾವಣಿಗೆ ಬಡಿಯುತ್ತಿತ್ತು. ಗುಂಡ್ಲುಪೇಟೆಯಲ್ಲಿ ಕೇರಳದ ಕಡೆಯ ಮೇಸ್ತ್ರಿಯೊಬ್ಬ ಕಾರು ರಿಪೇರಿ ಶೆಡ್ ಇಟ್ಟಿದ್ದ. ಅವನು ಕಾರನ್ನು ಜಾಕಿನಿಂದೆತ್ತಿ ಮರದ ದಿಮ್ಮಿಗಳ ಮೇಲೆ ನಿಲ್ಲಿಸಿ, ತುಕ್ಕು ಹಿಡಿದ ಬೋಲ್ಟುಗಳಿಗೆ ಸೀಮೆಎಣ್ಣೆ ಬಿಟ್ಟು ಕಾದು, ಎರಡೂ ಬದಿಯಲ್ಲಿ ಹಿಂದಿನ ಭಾರ ಹೊರುವ ಕಮಾನು ಪಟ್ಟಿಗಳನ್ನು ಇಳಿಸಿದ. ಎಡಗಡೆಯ ದೊಡ್ಡ ಪಟ್ಟಿ ಮುರಿದಿತ್ತು. ಪಟ್ಟಿಗಳ ತುದಿಯ ರಬ್ಬರ್ ಬುಷ್‌ಗಳು ಕೈಯಲ್ಲೇ ಪುಡಿಯಾದವು.

ತಳದ ತಗಡು ನೋಡಲು ಹಿಂದಿನ ಸೀಟು ಎತ್ತಿದವನು ನಕ್ಕ. "ಸಾರೇ, ನಿಮ್ಮ ಕಾರಿಗೆ ಮದುವೆ ಆಯ್ತಾ? ಅರಿಶಿನ ಹಚ್ಚಿದ್ದಾರಲ್ಲ!"

ಸಂದುಗಳಲ್ಲೆಲ್ಲ ಹಳದಿ ಪುಡಿ, ಅರಿಶಿನ ಕೊಂಬಿನ ಚೂರು, ಗೋಣಿಯ ನಾರು. "ಜನ ಕೂತು ಮುರಿದದ್ದಲ್ಲ ಇದು. ಮೂಟೆ ಹೇರಿ ಮುರಿದದ್ದು," ಎಂದ.

ನಾನು ಹೇರಿರಲಿಲ್ಲ. ಕಾರು ಓಡಿಸುತ್ತಿದ್ದ ಇನ್ನೊಬ್ಬರು ಭಾವ. ಒಡಹುಟ್ಟಿದವನಿಗಿಂತ ಹೆಚ್ಚಾಗಿ ನಂಬಿದ್ದೆ. ಹೊಸ ಪಟ್ಟಿ ಕೂರಿಸುವ ಹೊತ್ತಿಗೆ ಅವರೇ ಬಂದರು.

"ಎಷ್ಟ್ ಮೂಟೆ ಸಾಗಿಸ್ದೆ ಭಾವ?" ಎಂದೆ.

"ಏನ್ ಮಾತಾಡ್ತಿದ್ದೀಯ? ಯಾವ ಮೂಟೆ?"

"ನಾಟ್ಕ ಬುಡು. ಕರ್ಪೂರದ ಮುಂದೆ ಮಾತು ಕೊಟ್ಟವ್ನು ನೀನು. ನಾಚ್ಕೆ ಆಗಲ್ವಾ?"

ಟೀ ಅಂಗಡಿಯ ಜನ ಲೋಟ ಹಿಡಿದೇ ಬಂದು ನಿಂತರು. ಭಾವ ಸುತ್ತ ಒಮ್ಮೆ ನೋಡಿದರು. ತಮ್ಮ ಬಳಿಯಿದ್ದ ಕೀಲಿಯನ್ನು ಬಾನೆಟ್ ಮೇಲಿಟ್ಟು, "ಕಾರು ನಿಂಗೇ ಇರ್ಲಿ" ಎಂದು ಬಸ್ ನಿಲ್ದಾಣದ ಕಡೆ ನಡೆದರು.

ಮನೆಯಲ್ಲಿ ಇದನ್ನು ಹೇಳಿದಾಗ ಹೆಂಡತಿ ಒಲೆಯ ಮುಂದಿನಿಂದ ಎದ್ದು ಬಂದಳು. "ಶಿವರಾತ್ರಿಲಿ ನೀವು ಜ್ವರ ಬಂದು ಮಲ್ಗಿದ್ರಲ್ಲ, ಆಗ ಕಾರ್ ತಕ್ಕಂಡೋಗಿದ್ದು ಯಾಕೆ ಅಂತ ನಿಮ್ ತಮ್ಮನ್ನ ಒಂದ್ಮಾತು ಕೇಳಿ."

"ನಿಮ್ಮಣ್ಣನ್ನ ಉಳ್ಸಕ್ಕೆ ನನ್ ತಮ್ಮನ್ ಮೇಲೆ ಹಾಕ್ತೀಯಾ? ಬಾಯ್ಮುಚ್ಚು!"

ತಮ್ಮ ಜಗಲಿಯ ಮೇಲೇ ಕೂತಿದ್ದ. ತಲೆಯೆತ್ತಲಿಲ್ಲ. ನಾನೂ ಕೇಳಲಿಲ್ಲ.

ಆ ವರ್ಷವೂ ಗೌರಿ ಹಬ್ಬಕ್ಕೆ ಹಂಗಳದಿಂದ ಬಾಗಿನ ಬಂತು. ಅತ್ತೆ ಮೊರ ತುಂಬಿ ಕಳಿಸಿದ್ದರು. ಅಷ್ಟೆಲ್ಲ ಆದ ಮೇಲೂ ಅದನ್ನು ಹೊತ್ತು ತಂದವರು ಭಾವನೇ. ಹೊಸ್ತಿಲಲ್ಲೇ ನಿಲ್ಲಿಸಿ ವಾಪಸು ಕಳಿಸಿದೆ. ತವರಿನ ಬಾಗಿನ ತಿರುಗಿಸಿದರೆ ನಮ್ಮಲ್ಲಿ ಆ ಹೆಣ್ಣಿಗೆ ಇನ್ನು ತವರಿಲ್ಲ ಎಂದೇ ಅರ್ಥ. ಗೊತ್ತಿದ್ದೇ ಮಾಡಿದೆ. ಹಂಗಳಕ್ಕೆ ಕಾಲಿಡಕೂಡದು ಎಂದು ಹೆಂಡತಿಗೂ ಹೇಳಿದೆ. ದೀಪಾವಳಿ ಕಳೆದ ಮೇಲೆ ಅತ್ತೆ ತೀರಿಕೊಂಡರು. ಆಮೇಲೆ ಅವಳು ತವರಿಗೆ ಹೋದದ್ದು ತಾಯಿಯ ಮಣ್ಣಿಗೆ.

ಮತ್ತೆ ಅರಿಶಿನದ ಕಾಲ ಬಂತು. ಚಾಮರಾಜನಗರದ ಮಂಡಿಯ ಮುಂದೆ ಹಮಾಲಿಯೊಬ್ಬ ಕಾರು ನೋಡಿ ಕೂಗಿದ. "ಏನಣ್ಣೋ, ಈ ಸಲ ನಿಮ್ ತಮ್ಮ ಅರಿಸ್ನ ತರ್ನಿಲ್ವಾ? ಓದ್ವರ್ಸ ಸೀಟೆಲ್ಲ ಕಿತ್ತಾಕಿ ಇದ್ರಲ್ಲೇ ತುಂಬ್ಕಬಂದಿದ್ದ!"

ತಮ್ಮನನ್ನು ಕೇಳಿದೆ. "ನೀನು ಅಂಗೆ ಕೂಗಾಡ್ತಿದ್ರೆ ಎಂಗ್ ಏಳ್ಲಿ ಕಣಣ್ಣ" ಎಂದ. ಒಂದೇ ಮನೆಯಲ್ಲಿ ಉಂಡು, ಅತ್ತಿಗೆಯ ಬಾಗಿನ ತಿರುಗಿದ್ದನ್ನು ಕಣ್ಣಾರೆ ನೋಡಿ, ಸುಮ್ಮನಿದ್ದ. ಇವತ್ತಿಗೂ ನಾನು ಅವನೆದುರು ಉಣ್ಣಲು ಕೂರುವುದಿಲ್ಲ. ಆದರೆ ಅವನ ಮೋಸವನ್ನೇ ಹೇಳುತ್ತಾ ಹೇಳುತ್ತಾ ನಾನು ಮಾಡಿದ್ದನ್ನು ಮುಚ್ಚಿಕೊಂಡು ಬಂದಿದ್ದೇನೆ.

ಹಂಗಳಕ್ಕೆ ಹೋಗಿ ಭಾವನ ಕಾಲು ಮುಟ್ಟಿದೆ. "ಬುಡು, ಕೂತ್ಕೊ, ಕಾಫಿ ಕುಡಿ" ಎಂದರು. ಕಾರು ಓಡಿಸಲು ಮಾತ್ರ ಮರಳಲಿಲ್ಲ. ಮನೆಗೆ ಬಂದು, "ನಿಮ್ಮಣ್ಣನ್ ಹತ್ರ ಎಲ್ಲಾ ಸರಿ ಮಾಡ್ಕಬಂದೆ" ಎಂದೆ, ದೊಡ್ಡ ಕೆಲಸ ಮಾಡಿದವನಂತೆ. "ಆಗ್ಲಿ" ಎಂದು ತಟ್ಟೆಗೆ ಮುದ್ದೆ ಇಟ್ಟಳು.

ನಿಜವನ್ನು ಮೊದಲ ದಿನವೇ ಹೇಳಿದ್ದಳು. ಅದನ್ನು ಕೇಳಿದ್ದರೆ ಅವಳ ತಾಯಿ ಕೊನೆಯದಾಗಿ ತುಂಬಿದ ಮೊರ ಅವಳ ಕೈ ಸೇರುತ್ತಿತ್ತು. ಭಾವನ ಕಾಲು ಮುಟ್ಟಲು ಹಂಗಳದವರೆಗೆ ಹೋದವನು ಒಲೆಯವರೆಗೆ ಹೋಗಲಿಲ್ಲ. ಇಷ್ಟು ವರ್ಷವಾದರೂ ತಪ್ಪಾಯಿತು ಎಂದು ನಾನು ಹೇಳದೇ ಉಳಿದಿರುವುದು ಒಬ್ಬಳಿಗೆ, ನನ್ನ ಹೆಂಡತಿಗೆ.