ಅನುವಾದಕಿಯದೇ ತಪ್ಪು

ಹೊನ್ನಾಳಿಯ ಖಾಸಗಿ ಪ್ರೌಢಶಾಲೆಯೊಂದರಲ್ಲಿ ನಾನು ಇಪ್ಪತ್ತೆರಡು ವರ್ಷ ಹಿಂದಿ ಕಲಿಸಿದೆ. ಆ ಶಾಲೆಯ ಕಾರ್ಯದರ್ಶಿಗಳು ಪಕ್ಷವೊಂದರ ತಾಲ್ಲೂಕು ಮುಖಂಡರೂ ಹೌದು. ಒಂದು ಸೋಮವಾರ ಎರಡನೇ ಪಿರಿಯಡ್ ನಡೆಯುತ್ತಿದ್ದಾಗ ಅವರೇ ತರಗತಿಯ ಬಾಗಿಲಿಗೆ ಬಂದು ನಿಂತರು.

"ಮೇಡಂ, ಬರ್ರಿ ಸ್ವಲ್ಪ. ದೆಹಲಿ ಸಾಹೇಬ್ರು ಸೂರಗೊಂಡನಕೊಪ್ಪದಾಗೆ ಗುಡಿ ದರ್ಶನ ಮುಗಿಸಿ ಐಬಿಗೆ ಬರ್ತಾರೆ. ಪ್ರೆಸ್‌ನೋರು ಕಾಯ್ತಾ ಕುಂತಾರೆ. ಸಾಹೇಬ್ರ ಮಾತು ಕನ್ನಡದಾಗೆ ಹೇಳಾಕೆ ಒಬ್ಬನ್ನ ಗೊತ್ತು ಮಾಡಿದ್ವಿ, ಅವನ ಗಾಡಿ ಕೆಟ್ಟು ನಿಂತೈತಂತೆ. ನೀವೇ ಹೇಳಬೇಕು."

"ನಂಗೆ ಅಭ್ಯಾಸ ಇಲ್ಲ ಸರ್."

"ಅವರು ಒಂದು ಮಾತಾಡ್ತಾರೆ, ನೀವು ಒಂದು ಮಾತಾಡ್ತೀರಿ. ಅದ್ರಾಗೆ ಅಭ್ಯಾಸ ಏನೈತೆ?"

ಕೇಳಿದ್ದು ವಿನಂತಿಯಂತಿದ್ದರೂ ಇಲ್ಲ ಎನ್ನುವ ಹಾಗಿರಲಿಲ್ಲ. ಸೀಮೆಸುಣ್ಣದ ಕೈ ತೊಳೆದುಕೊಂಡು ಅವರ ಕಾರು ಹತ್ತಿದೆ.

ಸಾಹೇಬರು ಕಾರ್ಯದರ್ಶಿಗಳ ಪಕ್ಷದವರೇ ಆದ ಕೇಂದ್ರ ಮಂತ್ರಿ. ಅವರ ಮುಖ ಆ ದಿನಗಳಲ್ಲಿ ಟೀವಿಯಲ್ಲಿ ಬಾರದ ಗಂಟೆಯಿರಲಿಲ್ಲ. ದೇಶದ ತುಂಬ ಮಕ್ಕಳು ಬರೆದಿದ್ದ ನೇಮಕಾತಿ ಪರೀಕ್ಷೆಯೊಂದರ ಪ್ರಶ್ನೆಪತ್ರಿಕೆ ಮೊದಲೇ ಬಯಲಾಗಿ, ಪರೀಕ್ಷೆಯೇ ರದ್ದಾಗಿತ್ತು. ಸಾಹೇಬರ ಆಪ್ತ ಕಾರ್ಯದರ್ಶಿಯನ್ನು ಪೊಲೀಸರು ಹಿಡಿದಿದ್ದರು. ದೆಹಲಿಯಲ್ಲಿ ಅವರು ಪತ್ರಕರ್ತರ ಕೈಗೆ ಸಿಗುತ್ತಿರಲಿಲ್ಲ. ನಮ್ಮ ಕಡೆ ಆದರೆ ಒಂದು ಹಾರ, ಒಂದು ಪೇಟ, ನಾಲ್ಕು ಸಲೀಸು ಪ್ರಶ್ನೆ ಎಂದು ಯಾರೋ ಧೈರ್ಯ ಹೇಳಿ ಒಪ್ಪಿಸಿದ್ದರಂತೆ.

ಐಬಿ ಎಂದು ಕರೆಯುವ ಪ್ರವಾಸಿ ಮಂದಿರದ ಹಾಲಿನಲ್ಲಿ ಚನ್ನಗಿರಿ, ನ್ಯಾಮತಿ, ಜಗಳೂರಿನಿಂದೆಲ್ಲ ಬಂದ ವರದಿಗಾರರು ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಒತ್ತೊತ್ತಾಗಿ ಕೂತಿದ್ದರು. ಸಾಹೇಬರ ಎಡಕ್ಕೆ ನನಗೊಂದು ಕುರ್ಚಿ, ಕೈಗೊಂದು ಮೈಕು. ನಮ್ಮ ಮೇಜಿನ ಬುಡದಲ್ಲೇ ಚನ್ನಗಿರಿಯ ಛಾಯಾಗ್ರಾಹಕರೊಬ್ಬರು ಮೊಣಕಾಲೂರಿ ಫೋಟೋ ತೆಗೆಯುತ್ತಿದ್ದರು.

ಮೊದಲ ಪ್ರಶ್ನೆ ದರ್ಶನದ ಬಗ್ಗೆ. ಸಾಹೇಬರು ನಗುತ್ತ ಉತ್ತರಿಸಿದರು. ಎರಡನೆಯದೇ ಪ್ರಶ್ನೆಪತ್ರಿಕೆಯದು. ನಗು ಹೋಯಿತು. "ತನಿಖೆ ನಡೆಯುತ್ತಿದೆ" ಎಂದರು. ಮತ್ತೊಬ್ಬರು ಅದನ್ನೇ ಕೇಳಿದಾಗ ಧ್ವನಿ ಏರಿತು.

ಹಿಂದಿಯಲ್ಲಿ ಎದುರಿನವರನ್ನು ಕರೆಯಲು ಮೂರು ಮೆಟ್ಟಿಲಿವೆ. ಗೌರವಕ್ಕೆ 'ಆಪ್', ಸಲಿಗೆಗೆ 'ತುಮ್', ಅದಕ್ಕೂ ಕೆಳಗೆ 'ತೂ'. ಎಂಟನೇ ತರಗತಿಯ ಮಕ್ಕಳಿಗೆ ನಾನು ಇದನ್ನು ಕಲಿಸುತ್ತಿದ್ದೆ. 'ಆಪ್' ಎಂದು ಶುರುಮಾಡಿದ ಸಾಹೇಬರು ಹತ್ತೇ ನಿಮಿಷದಲ್ಲಿ 'ತೂ'ಗೆ ಇಳಿದಿದ್ದರು. ನಾನು ಮಾತ್ರ ಎಲ್ಲಕ್ಕೂ 'ನೀವು' ಎಂದೇ ಹೇಳುತ್ತಿದ್ದೆ. "ನಿನಗೆ ಈ ಪ್ರಶ್ನೆ ಬರೆದುಕೊಟ್ಟವನು ಯಾರು?" ಎಂದು ಅವರು ಗದರಿದರೆ, "ಈ ಮಾಹಿತಿ ನಿಮಗೆ ಎಲ್ಲಿಂದ ಬಂತು?" ಎಂದು ನಾನು ಮೈಕಿನಲ್ಲಿ ಹೇಳುತ್ತಿದ್ದೆ. ಯಾರೂ ಹಾಗೆ ಮಾಡು ಎಂದಿರಲಿಲ್ಲ. ಮನೆಗೆ ಬಂದ ನೆಂಟರ ಒರಟು ಮಾತನ್ನು ಮುಚ್ಚಿಹಾಕುವ ಹಾಗೆ, ತಾನಾಗಿಯೇ ಬಾಯಿಗೆ ಬರುತ್ತಿತ್ತು. ಕಾರ್ಯದರ್ಶಿಗಳು ಗೋಡೆಗೊರಗಿ ನಿಂತು ಮೆಚ್ಚುಗೆಯಿಂದ ತಲೆಯಾಡಿಸುತ್ತಿದ್ದರು. ಅದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಆಗ ಜಗಳೂರಿನ ವರದಿಗಾರರು ಎದ್ದರು. ನರೆತ ತಲೆಯವರು, ಹರಕು ಹಿಂದಿಯಲ್ಲಿ ಒದ್ದಾಡದೆ ಕನ್ನಡದಲ್ಲೇ ಕೇಳಿದರು.

"ನಮ್ ಕಡೆ ಮಕ್ಕಳು ಎರಡೆರಡು ವರ್ಷ ಓದಿ ಆ ಪರೀಕ್ಷೆ ಬರದಾರೆ. ಈಗ ಮತ್ತೆ ಬರೀರಿ ಅಂತೀರಿ. ವಯಸ್ಸು ಮೀರಿದೋರು ಏನ್ ಮಾಡಬೇಕು? ಅವರಿಗೆ ಏನ್ ಹೇಳ್ತೀರಿ, ಅಷ್ಟು ಹೇಳ್ರಿ ಸಾಕು."

ನಾನು ಹಿಂದಿಗೆ ತಿರುಗಿಸಿದೆ. ಜಗಳೂರು ಎಲ್ಲಿದೆ, ಅಲ್ಲಿಯ ಜನ ಏನು ಮಾಡುತ್ತಾರೆ ಎಂದು ಸಾಹೇಬರು ನನ್ನನ್ನೇ ಕೇಳಿದರು. ಬಯಲುಸೀಮೆ, ಬೇಸಾಯ ಮಾಡುತ್ತಾರೆ, ಕುರಿ ಸಾಕುತ್ತಾರೆ ಎಂದೆ. ಅವರು ತಮ್ಮ ಮೈಕನ್ನು ಮೇಜಿನ ಮೇಲೆ ಮಲಗಿಸಿ, ನನ್ನ ಕಡೆ ಬಾಗಿ ಹೇಳಿದರು: "ಕುರಿ ಕಾಯುವುದಕ್ಕೆ ಯಾವ ಪರೀಕ್ಷೆಯೂ ಬೇಡ. ಹೋಗಿ ಅದನ್ನೇ ಮಾಡಲಿ. ಹೇಳು ಇವನಿಗೆ."

ನಮ್ಮ ತವರು ಜಗಳೂರು ತಾಲ್ಲೂಕು. ನನ್ನಪ್ಪ ಕುರಿ ಕಾದೇ ನನ್ನನ್ನು ಬಿ.ಎಡ್. ಓದಿಸಿದವರು.

ಮೈಕು ಬಾಯಿಯ ಹತ್ತಿರವೇ ಇತ್ತು. ಮಕ್ಕಳಿಗೆ ಉಕ್ತಲೇಖನ ಹೇಳುವ ಹಾಗೆ, ಒಂದೊಂದೇ ಪದ ಬಿಡಿಸಿ, ಅವರು ಹೇಳಿದ್ದನ್ನು ಹಾಗೇ ಹೇಳಿದೆ. 'ಇವನಿಗೆ' ಎಂದಿದ್ದನ್ನೂ ತಿದ್ದಲಿಲ್ಲ.

ಹಾಲಿನಲ್ಲಿದ್ದವರೆಲ್ಲ ಒಟ್ಟಿಗೆ ಎದ್ದರು. ಯಾರದೋ ಕುರ್ಚಿ ಉರುಳಿತು. ಜಗಳೂರಿನವರು "ಏನಂದ್ರಿ? ಏನಂದ್ರಿ?" ಎಂದು ಮೇಜಿನವರೆಗೆ ಬಂದೇಬಿಟ್ಟರು. ಕಾರ್ಯಕರ್ತರು ಅವರ ಎದೆಗೆ ಕೈಕೊಟ್ಟು ಹಿಂದಕ್ಕೆ ನೂಕಿದರು. ಏನಾಯಿತೆಂದು ಸಾಹೇಬರಿಗೆ ಮೊದಲು ತಿಳಿಯಲಿಲ್ಲ. ತಿಳಿದಾಗ ನನ್ನನ್ನು ನೋಡಿದ ನೋಟ, ಕಾಲಿಗೆ ಮೆತ್ತಿದ ಸಗಣಿಯನ್ನು ನೋಡುವಂಥದು. ಹಿಂಬಾಗಿಲಿನಿಂದ ಹೊರಟುಹೋದರು.

ಕಾರ್ಯದರ್ಶಿಗಳು ನನ್ನನ್ನು ಅಡುಗೆಕೋಣೆಯ ಹತ್ತಿರ ತಡೆದರು.

"ಏನ್ ಮೇಡಂ ಇದು? ಇದಕ್ಕಾ ನಿಮ್ಮನ್ನ ಕರಕೊಂಡು ಬಂದಿದ್ದು?"

"ಅವರು ಹೇಳಿದ್ದನ್ನೇ ಹೇಳಿದೆ ಸರ್."

"ಹೇಳಿದ್ದನ್ನೆಲ್ಲ ಹೇಳಾಕೆ ನೀವೇನು ಟೇಪ್ ರೆಕಾರ್ಡರಾ?"

ಮಧ್ಯಾಹ್ನದ ಹೊತ್ತಿಗೆ ದೆಹಲಿಯಿಂದ ಹೇಳಿಕೆ ಬಂತು. ಸಾಹೇಬರು ಯುವಜನರ ಬಗ್ಗೆ ಕಾಳಜಿಯ ಮಾತಾಡಿದ್ದರು, ಸ್ಥಳೀಯ ಅನುವಾದಕಿಗೆ ಹಿಂದಿ ಸರಿಯಾಗಿ ಬಾರದ್ದರಿಂದ ಅಪಾರ್ಥವಾಯಿತು ಎಂದು. ಆ ಮಾತು ಮೈಕಿನಲ್ಲಿ ದಾಖಲಾಗಿದ್ದು ನನ್ನ ಧ್ವನಿಯಲ್ಲಿ ಮಾತ್ರ. ಸಂಜೆಯ ಚಾನೆಲ್‌ಗಳಲ್ಲಿ ಪ್ರಶ್ನೆಪತ್ರಿಕೆ ಹಿಂದಕ್ಕೆ ಹೋಗಿ ನಾನು ಮುಂದಕ್ಕೆ ಬಂದಿದ್ದೆ. ಎದುರು ಪಕ್ಷದ ಗೂಢಚಾರಿಣಿ ಎಂದು ಒಬ್ಬ, ಹಿಂದಿ ದ್ವೇಷಿ ಎಂದು ಇನ್ನೊಬ್ಬ ಕೂಗುತ್ತಿದ್ದರು.

ಮರುದಿನ ಶಾಲೆಯಲ್ಲಿ ಟೈಪು ಮಾಡಿದ ಪತ್ರ ಕಾದಿತ್ತು. 'ನನ್ನ ಭಾಷಾಜ್ಞಾನದ ಕೊರತೆಯಿಂದ ತಪ್ಪಾಗಿದೆ, ಕ್ಷಮಿಸಬೇಕು.' ಕೆಳಗೆ ಸಹಿಗೆ ಜಾಗ. ಎರಡು ದಿನ ಸಮಯ ಕೊಡಿ ಎಂದೆ.

ನನ್ನ ಯಜಮಾನರು ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. "ಹಾಕಿ ಬಿಸಾಕು. ಒಂದು ಸಹಿ ತಾನೆ?" ಎಂದರು.

"ನನಗೆ ಹಿಂದಿ ಬರಲ್ಲ ಅಂತ ನಾನೇ ಬರೆದುಕೊಡಬೇಕಾ?"

"ಬರ್ತೈತೆ ಅಂತ ತೋರಿಸಾಕೆ ಹೋಗಿ ಏನಾತು ನೋಡಿದ್ಯಲ್ಲ. ನಾಳೆ ನನ್ನನ್ನ ಎಲ್ಲಿಗೋ ಎತ್ತಿಹಾಕ್ತಾರೆ. ಆಗ ಯಾರು ಬರ್ತಾರೆ?"

ಆ ವಾರ ನಮ್ಮ ಮನೆಯಲ್ಲಿ ಬೇರೆ ಮಾತು ನಡೆಯಲಿಲ್ಲ. ತಟ್ಟೆ ಇಡುವ ಸದ್ದೂ ಜಗಳದಂತೆ ಕೇಳುತ್ತಿತ್ತು.

ಚನ್ನಗಿರಿಯ ಛಾಯಾಗ್ರಾಹಕರ ನೆನಪಾಯಿತು. ಅವರ ಮನೆಮಾತು ಉರ್ದು. ಸಾಹೇಬರು ಬಾಗಿದಾಗ ಅವರು ಒಂದು ಮೊಳ ದೂರದಲ್ಲಿದ್ದರು. ರಜೆ ಹಾಕಿ, ಬಸ್ ಹಿಡಿದು ಅವರ ಸ್ಟುಡಿಯೋಗೆ ಹೋದೆ. ನನ್ನನ್ನು ಕಂಡ ಕೂಡಲೇ ಅವರು ರಸ್ತೆಯ ಆಚೆ ಈಚೆ ನೋಡಿ ಒಳಗೆ ಕರೆದರು.

"ನಿಮಗೆ ಕೇಳಿಸ್ತಲ್ಲ?" ಎಂದೆ.

"ಕೇಳಿಸ್ತು ಮೇಡಂ. ಒಂದಕ್ಷರಾನೂ ನೀವು ಹೆಚ್ಚುಕಮ್ಮಿ ಹೇಳಿಲ್ಲ."

"ಅಷ್ಟು ಪೇಪರಿನವರಿಗೆ ಹೇಳ್ರಿ. ನನಗೆ ಬೇರೆ ಏನೂ ಬೇಡ."

ಅವರು ಕ್ಯಾಮೆರಾ ಒರೆಸತೊಡಗಿದರು. "ನೀವು ಹೇಳಿದ್ರೆ ತಪ್ಪು ಅನುವಾದ ಅಂತಾರೆ. ನಾನು ಹೇಳಿದ್ರೆ ಮೊದಲು ನನ್ನ ಹೆಸರು ನೋಡ್ತಾರೆ ಮೇಡಂ. ಆಮೇಲೆ ಪರೀಕ್ಷೆನೂ ಇರಲ್ಲ, ಕುರಿನೂ ಇರಲ್ಲ, ಬೇರೇನೇ ಕತೆ ಆಗ್ತೈತೆ. ನನಗೆ ಇಬ್ಬರು ಹೆಣ್ಣುಮಕ್ಕಳದಾರೆ."

ಅವರ ಮಾತು ಸರಿಯಿತ್ತು. ಸರಿಯಿದೆ ಎಂದು ಗೊತ್ತಾದಷ್ಟೂ ನನಗೆ ಸಿಟ್ಟು ಬಂತು. ಅವರು ತರಿಸಿದ ಚಹಾ ಕುಡಿಯದೆ ಎದ್ದು ಬಂದೆ. ಹಾಗೆ ಮಾಡಬಾರದಿತ್ತು. ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ನನ್ನ ಗುರುತು ಹಿಡಿದು, "ಇವರೇ ಕಣೋ ಕುರಿ ಮೇಡಂ" ಎಂದು ಜೊತೆಯವನಿಗೆ ತೋರಿಸಿದ.

ಗುರುವಾರ ಕಾರ್ಯದರ್ಶಿಗಳ ಕೋಣೆಗೆ ಹೋಗಿ ಪತ್ರವನ್ನು ಕೈಗೆತ್ತಿಕೊಂಡೆ. ಹಾಳೆ ತಿರುಗಿಸಿ, ಸಾಹೇಬರು ಹೇಳಿದ ಮೂರು ವಾಕ್ಯಗಳನ್ನು ಹಿಂದಿಯಲ್ಲಿ ಬರೆದೆ. ಅದರ ಕೆಳಗೆ ಕನ್ನಡದಲ್ಲಿ ಬರೆದೆ. 'ಇದು ಸರಿಯಾದ ಅನುವಾದ' ಎಂದು ಸಹಿ ಮಾಡಿ ಮೇಜಿನ ಮೇಲಿಟ್ಟೆ.

ಅವರು ಓದಿದರು. ಹರಿಯುತ್ತಾರೆ ಅಂದುಕೊಂಡಿದ್ದೆ, ಹರಿಯಲಿಲ್ಲ. ಮಡಚಿ ಜೇಬಿಗಿಟ್ಟುಕೊಂಡು ಹೇಳಿದರು: "ನಾಳೆಯಿಂದ ನಮ್ಮ ತ್ಯಾವಣಿಗೆ ಶಾಲೆಗೆ ಹೋಗ್ರಿ. ಅಲ್ಲಿ ಹಿಂದಿ ಇಲ್ಲ. ಒಂದನೇ ಕ್ಲಾಸಿಗೆ ಅಕ್ಷರ ತಿದ್ದಿಸ್ರಿ."

ಹೋದೆ. ಈಗಲೂ ಅಲ್ಲೇ ಇದ್ದೇನೆ. ಯಜಮಾನರ ಎತ್ತಂಗಡಿ ಆಗಲಿಲ್ಲ. ಆದರೆ ಆಗುತ್ತದೆಂಬ ಭಯದಲ್ಲಿ ಅವರು ನನ್ನೊಂದಿಗೆ ಸರಿಯಾಗಿ ಮಾತಾಡಲು ಒಂದು ವರ್ಷ ಹಿಡಿಯಿತು. ಸಾಹೇಬರು ಕೆಲವು ತಿಂಗಳ ನಂತರ ರಾಜೀನಾಮೆ ಕೊಟ್ಟರು. ಆರೋಗ್ಯದ ಕಾರಣ ಎಂದು ಪೇಪರಿನಲ್ಲಿ ಬಂತು. ಆಮೇಲೆ ಇನ್ನೂ ದೊಡ್ಡ ಹುದ್ದೆಗೆ ಬಂದು ಕೂತರು. ಕೆಲವರು ನನ್ನನ್ನು ಧೈರ್ಯವಂತೆ ಎನ್ನುತ್ತಾರೆ. ಮೊದಲ ಹತ್ತು ನಿಮಿಷ ನಾನು ಏನು ಮಾಡಿದೆನೆಂಬುದು ಅವರಿಗೆ ಗೊತ್ತಿಲ್ಲ.

ಕಳೆದ ಬೇಸಿಗೆಯಲ್ಲಿ ಕೆರೆಬಿಳಚಿಯ ಒಂದು ಮದುವೆಯಲ್ಲಿ ಕಾರ್ಯದರ್ಶಿಗಳು ಎದುರಾದರು. ಊಟದ ಪಂಕ್ತಿಯಲ್ಲಿ ಬೇಕೆಂದೇ ನನ್ನ ಪಕ್ಕ ಬಂದು ಕೂತು, ಎಲೆಗೆ ನೀರು ಚಿಮುಕಿಸುತ್ತ ನಕ್ಕರು.

"ಏನ್ ಮೇಡಂ, ಆರಾಮಾ? ಹಳೇದೆಲ್ಲ ಮನಸ್ಸಿನಾಗೆ ಇಟ್ಕೊಂಡಿಲ್ಲ ತಾನೆ?"

"ಐತೆ ಸರ್," ಎಂದೆ. ನನ್ನ ಎಲೆ ಎತ್ತಿಕೊಂಡು ಎದುರು ಸಾಲಿಗೆ ಹೋಗಿ ಕೂತೆ.